ಉಪಾಹಾರದ ದೀರ್ಘ, ಮರಗಸಿಯ ಅರ್ಥ: ಪದಶುದ್ಧಿಯ ಚರ್ಚೆಯಲ್ಲಿ ಸಾಕ್ಷಿಯ ಪ್ರಶ್ನೆ

ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರ ದಾರಿಗಳು ಕೂಡುವ ಊರು. ಮೂಡಿಗೆರೆಯಿಂದ ಬರುವ ಹೆದ್ದಾರಿ ಇಲ್ಲಿಂದ ಘಾಟಿಯಿಳಿದು ಬೆಳ್ತಂಗಡಿಯ ಕಡೆಗೆ ಸಾಗುತ್ತದೆ; ಇನ್ನೊಂದು ದಾರಿ ಕಳಸ, ಹೊರನಾಡುಗಳತ್ತ ಹೊರಳುತ್ತದೆ. ಧರ್ಮಸ್ಥಳಕ್ಕೆ ಹೊರಟವರು, ಮಂಗಳೂರಿನಿಂದ ಹತ್ತಿ ಬಂದವರು, ತೋಟದ ಕೆಲಸಕ್ಕೆ ಹೋಗುವವರು, ಎಲ್ಲರೂ ಇಲ್ಲಿ ಬಸ್ಸಿಳಿದು ನೀರುದೋಸೆ ತಿಂದು ಕಾಫಿ ಕುಡಿಯುತ್ತಾರೆ. ಕನ್ನಡದ ನಾಲ್ಕಾರು ಬಗೆಗಳೂ ತುಳು, ಬ್ಯಾರಿ, ಕೊಂಕಣಿ, ತಮಿಳುಗಳೂ ಒಂದೇ ಹೋಟೆಲಿನ ಒಳಗೆ ಕೇಳಿಬರುವ ಸ್ಥಳವಿದು. ಪದಗಳ ಸರಿತಪ್ಪನ್ನು ಕುರಿತ ಜಗಳಕ್ಕೆ ಇದಕ್ಕಿಂತ ತಕ್ಕ ಜಾಗ ಬೇರೆ ಬೇಕಿಲ್ಲ.

ಅಂಥದೊಂದು ಜಗಳ, ಜಗಳವೆನ್ನುವುದಕ್ಕಿಂತ ಹರಟೆ, ಈ ಬರಹಕ್ಕೆ ನಿಮಿತ್ತ. ಬಯಲುಸೀಮೆಯಿಂದ ಬಂದು ಈ ಭಾಗದಲ್ಲೇ ನೆಲೆನಿಂತ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಮತ್ತು ಕಾಫಿ ತೋಟವೊಂದರ ರೈಟರ್ ನನ್ನ ಮೇಜಿನಲ್ಲಿದ್ದರು. ಮೇಷ್ಟ್ರು ಎದುರಿನ ಫಲಕ ತೋರಿಸಿ, “ನೋಡಿ ರೈಟ್ರೆ, ಉಪಹಾರ ಅಂತ ಬರೆಸಿದ್ದಾರೆ. ಉಪಾಹಾರ ಅಂತ ಇರಬೇಕು. ದೀರ್ಘ ಎಲ್ಲಿ ಹೋಯ್ತು?” ಎಂದರು. “ದೀರ್ಘ ಹೋದ್ರೆ ಹೋಗ್ಲಿ ಮೇಷ್ಟ್ರೆ, ದೋಸೆ ತಣ್ಣಗಾಗ್ತದೆ ಮಾರಾಯ್ರೆ” ಎಂದು ರೈಟರ್ ತಿನ್ನತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಅವರು, ಮಳೆ ಹಿಡಿಯುವುದರೊಳಗೆ ಮರಗಸಿ ಮುಗಿಯಬೇಕು, ಮರ ಹತ್ತುವ ಆಳುಗಳೇ ಸಿಗುತ್ತಿಲ್ಲ ಎಂದು ತಮ್ಮ ಕಷ್ಟ ಹೇಳಿಕೊಂಡಾಗ ಮೇಷ್ಟ್ರು ಮತ್ತೆ ತಡೆದರು: “ಕಾಡುಮರಕ್ಕೆ ಎಂಥ ಕಸಿ? ಕಸಿ ಕಟ್ಟೋದು ಮಾವಿಗೆ, ಗುಲಾಬಿಗೆ. ನೀವು ಮಾಡೋದು ಕೊಂಬೆ ಸವರೋದು. ಅದಕ್ಕೆ ಕಸಿ ಅನ್ನೋದು ತಪ್ಪು.” ರೈಟರ್ ಈ ಸಲ ನಗಲಿಲ್ಲ. “ಹುಟ್ಟಿದಾಗಿಂದ ಮರಗಸಿ ಅಂತಲೇ ಹೇಳೋದು ನಾವು. ಇನ್ನೆಂತ ಹೇಳ್ಬೇಕು?” ಎಂದಷ್ಟೇ ಕೇಳಿದರು.

ಒಂದೇ ಗಳಿಗೆಯಲ್ಲಿ ಒಬ್ಬರೇ ಮಾಡಿದ ಈ ಎರಡು ತಿದ್ದುಪಡಿಗಳು ಮೇಲ್ನೋಟಕ್ಕೆ ಒಂದೇ ಜಾತಿಯವು. ಎರಡರಲ್ಲೂ ‘ಇದು ತಪ್ಪು, ಅದು ಸರಿ’ ಎಂಬ ವಾಕ್ಯವೇ ಇದೆ. ಆದರೆ ಮೊದಲನೆಯದರಲ್ಲಿ ಮೇಷ್ಟ್ರ ಮಾತು ಶಾಸ್ತ್ರದ ಪ್ರಕಾರ ಪೂರ್ತಿ ಸರಿ, ಅದರಿಂದ ಯಾರಿಗೂ ಆಗುವ ಲಾಭ ಅತ್ಯಲ್ಪ. ಎರಡನೆಯದರಲ್ಲಿ ಅವರ ಮಾತು ತಪ್ಪು, ಅದರಿಂದ ಆಗುವ ನಷ್ಟ ಸಣ್ಣದಲ್ಲ. ಕನ್ನಡದಲ್ಲಿ ಪದಶುದ್ಧಿಯನ್ನು ಕುರಿತು ಬೆಳೆದುಬಂದಿರುವ ಬರವಣಿಗೆ ಈ ಎರಡನ್ನು ಬೇರ್ಪಡಿಸಿ ನೋಡುವ ಅಭ್ಯಾಸವನ್ನು ಸಾಕಷ್ಟು ಬೆಳೆಸಿಕೊಂಡಿಲ್ಲ ಎಂಬುದು ನನ್ನ ತಕರಾರು.

ಮೊದಲು ಉಪಾಹಾರ. ಉಪ ಮತ್ತು ಆಹಾರ ಸೇರಿದರೆ ಸವರ್ಣದೀರ್ಘ ಸಂಧಿಯಾಗಿ ಉಪಾಹಾರ. ಲಘುವಾದ ಊಟ ಎಂದು ಅರ್ಥ. ಉಪಹಾರ ಎಂದರೆ ಸಂಸ್ಕೃತದಲ್ಲಿ ಕಾಣಿಕೆ, ಒಪ್ಪಿಸಿದ ವಸ್ತು. ಹಿಂದಿಯಲ್ಲಿ ಇವತ್ತಿಗೂ ಉಡುಗೊರೆಗೆ ಅದೇ ಪದ. ಹಾಗಾಗಿ ‘ಉಪಹಾರ ಗೃಹ’ವೆಂದರೆ ಕಾಣಿಕೆಯ ಮನೆ ಎಂದಾಗುತ್ತದೆ ಎಂದು ತಿದ್ದುವವರು ನಗುತ್ತಾರೆ. ಆದರೆ ಕನ್ನಡದಲ್ಲಿ ಉಡುಗೊರೆಯನ್ನು ಉಪಹಾರವೆಂದು ಯಾರೂ ಕರೆಯುವುದಿಲ್ಲ. ನಮಗೆ ಉಡುಗೊರೆ ಇದೆ, ಕಾಣಿಕೆ ಇದೆ, ಮದುವೆಮನೆಯ ಮುಯ್ಯಿ ಇದೆ. ಎರಡು ಪದಗಳ ನಡುವೆ ಗೊಂದಲವಾಗಬೇಕಾದರೆ ಎರಡೂ ಪದಗಳು ಆಡುವವರ ಬಾಯಲ್ಲಿ ಇರಬೇಕು. ಇಲ್ಲಿ ಒಂದೇ ಇದೆ. ಇನ್ನೊಂದು ಇರುವುದು ನಿಘಂಟಿನಲ್ಲಿ. ಆ ಫಲಕದ ಹ್ರಸ್ವವನ್ನು ನಂಬಿ ಯಾರೂ ಹಸಿದು ಹೊರಟುಹೋದದ್ದಿಲ್ಲ. ಶಾಲೆಯ ಪುಸ್ತಕದಲ್ಲಿ, ಸರ್ಕಾರಿ ಆಜ್ಞೆಯಲ್ಲಿ ಉಪಾಹಾರ ಎಂದೇ ಇರಲಿ. ಅಲ್ಲಿ ಒಂದೇ ಕಾಗುಣಿತವಿರುವುದು ಒಳ್ಳೆಯದು, ಮೇಷ್ಟ್ರು ಅಂಕ ಕಳೆಯುವುದೂ ನ್ಯಾಯವೇ. ಆ ತಿದ್ದುಪಡಿಯ ವ್ಯಾಪ್ತಿ ಎಷ್ಟು ಎಂಬುದಷ್ಟೇ ಪ್ರಶ್ನೆ.

ಇದೇ ಗುಂಪಿನ ಇನ್ನೊಂದು ಹಳೆಯ ಜಗಳ ಕೋಟ್ಯಂತರ, ಕೋಟ್ಯಾಂತರಗಳದ್ದು. ಕೋಟಿ ಮತ್ತು ಅಂತರ ಸೇರಿದರೆ ಯಣ್ ಸಂಧಿಯಾಗಿ ಕೋಟ್ಯಂತರ, ದೀರ್ಘಕ್ಕೆ ಅವಕಾಶವಿಲ್ಲ. ಸರಿ. ಆದರೆ ಲಕ್ಷಾಂತರ ಎಂಬಲ್ಲಿ ಸಹಜವಾಗಿ ಬಂದ ದೀರ್ಘವನ್ನು ಕೇಳಿದ ಕನ್ನಡಿಗ ಅದರಿಂದ ‘ಆಂತರ’ ಎಂಬ ತುಂಡನ್ನು ಬಿಡಿಸಿಕೊಂಡು, ಅದಕ್ಕೆ ‘ಬಹಳಷ್ಟು’ ಎಂಬ ಅರ್ಥ ಕೊಟ್ಟು, ಕೋಟಿಗೆ ಅಂಟಿಸಿದ್ದಾನೆ. ಇದು ಅಜ್ಞಾನದ ಗುರುತಲ್ಲ, ಸಾದೃಶ್ಯದಿಂದ ಹೊಸ ಪ್ರತ್ಯಯ ಹುಟ್ಟುವ ಬಗೆಗೆ ಪಾಠ ಹೇಳುವಾಗ ಹಲಗೆಯ ಮೇಲೆ ಬರೆಯಬಹುದಾದ ಉದಾಹರಣೆ. ಇನ್ನೂ ವಿಚಿತ್ರವೆಂದರೆ, ‘ಅಂತರ’ಕ್ಕೆ ‘ಅನೇಕ’ ಎಂಬ ಅರ್ಥ ಬಂದಿರುವುದೇ ಕನ್ನಡದ ಬಳಕೆಯಿಂದ. ಅರ್ಥವನ್ನು ಕನ್ನಡದಿಂದ ತೆಗೆದುಕೊಂಡು ರೂಪವನ್ನು ಮಾತ್ರ ಸಂಸ್ಕೃತದ ನಿಯಮಕ್ಕೆ ಒಪ್ಪಿಸಬೇಕು ಎನ್ನುವವರು ಅರ್ಧ ದಾರಿಯಲ್ಲಿ ನಿಂತಿದ್ದಾರೆ. ಧನ್ಯವಾದಕ್ಕೆ ಬಹುವಚನ ಸಲ್ಲುತ್ತದೆಯೇ, ಶುಭಾಶಯ ಎಂದರೆ ಒಳ್ಳೆಯ ಆಶಯವೋ ಹಾರೈಕೆಯೋ ಎಂಬ ಜಗಳಗಳನ್ನೂ ಇದೇ ಸಾಲಿನಲ್ಲಿ ಬಿಟ್ಟು ಮುಂದೆ ಹೋಗುತ್ತೇನೆ.

ಮರಗಸಿಯ ಕತೆ ಬೇರೆ. ಕಾಫಿ ನೆರಳಿನ ಬೆಳೆ. ತೋಟದ ಮೇಲೆ ಹರಡಿದ ಮರಗಳ ನೆರಳು ಹೆಚ್ಚಾದರೆ ಹೂವು ಕಡಿಮೆ, ಮಳೆಗಾಲದಲ್ಲಿ ಕೊಳೆರೋಗ ಹೆಚ್ಚು. ಕಡಿಮೆಯಾದರೆ ಬಿಸಿಲಿಗೆ ಗಿಡ ಸೊರಗುತ್ತದೆ, ಕಾಂಡಕೊರಕದ ಕಾಟ ಏರುತ್ತದೆ. ಆದ್ದರಿಂದ ವರ್ಷವರ್ಷವೂ ಮರ ಹತ್ತಿ ಎಲ್ಲಿ ಎಷ್ಟು ಬೆಳಕು ಬೀಳಬೇಕೆಂದು ಅಂದಾಜು ಮಾಡಿ ಕೊಂಬೆ ಕಡಿಯಬೇಕು. ಈ ಕೆಲಸಕ್ಕೆ ಚಿಕ್ಕಮಗಳೂರು, ಕೊಡಗುಗಳ ಕಾಫಿಸೀಮೆಯಲ್ಲಿ ಮರಗಸಿ ಎನ್ನುತ್ತಾರೆ. ಸುಮ್ಮನೆ ಕೊಂಬೆ ಸವರುವುದು ಇದಲ್ಲ. ಬೇಲಿಯ ಗಿಡವನ್ನು ಯಾರು ಬೇಕಾದರೂ ಸವರಬಹುದು. ಮರಗಸಿಯವನಿಗೆ ಮರದ ಜಾತಿ, ಕೊಂಬೆಯ ಭಾರ, ಕೆಳಗಿನ ಗಿಡದ ವಯಸ್ಸು, ಸೂರ್ಯನ ದಾರಿ ಗೊತ್ತಿರಬೇಕು. ಕಡಿದ ಕೊಂಬೆ ಕಾಫಿ ಗಿಡವನ್ನು ಮುರಿಯದಂತೆ ಇಳಿಸಲೂ ಬರಬೇಕು. ಕೂಲಿಯೂ ಬೇರೆ, ಅಪಾಯವೂ ಬೇರೆ.

ಬಯಲುಸೀಮೆಯವರಿಗೂ ಪಠ್ಯಪುಸ್ತಕಕ್ಕೂ ಕಸಿ ಎಂದರೆ ಒಂದು ಗಿಡದ ಕುಡಿಯನ್ನು ಇನ್ನೊಂದಕ್ಕೆ ಕೂಡಿಸುವುದು. ಅಲ್ಲಿಂದ ಆ ಪದ ಆಸ್ಪತ್ರೆಗೂ ಹೋಗಿದೆ. ಮೂತ್ರಪಿಂಡದ ಕಸಿ, ಅಂಗಾಂಗ ಕಸಿ ಎಂದು ಪತ್ರಿಕೆಗಳು ಬರೆಯುತ್ತವೆ. ಹೀಗೆ ಒಂದೇ ಪದ ಒಂದು ಕಡೆ ಕೂಡಿಸುವುದನ್ನೂ ಇನ್ನೊಂದು ಕಡೆ ಕಡಿಯುವುದನ್ನೂ ಹೇಳುತ್ತಿದೆ. ಬೆಂಗಳೂರಿನ ಆಸ್ಪತ್ರೆಯ ಅಂಗಾಂಗ ಕಸಿಯ ಸುದ್ದಿಯೂ ಮರಗಸಿ ಮಾಡುವಾಗ ಏಣಿ ವಿದ್ಯುತ್ ತಂತಿಗೆ ತಗುಲಿದ ಸುದ್ದಿಯೂ ಒಂದೇ ದಿನದ ಪತ್ರಿಕೆಯಲ್ಲಿ ಬರಬಹುದು. ಮಲೆನಾಡಿನ ಓದುಗ ಎರಡನ್ನೂ ಸಲೀಸಾಗಿ ಅರ್ಥಮಾಡಿಕೊಳ್ಳುತ್ತಾನೆ. ತಬ್ಬಿಬ್ಬಾಗುವವನು ಒಂದೇ ಕಸಿಯನ್ನು ಬಲ್ಲವನು.

ರೂಪದ ದೃಷ್ಟಿಯಿಂದಲೂ ಈ ಪದವನ್ನು ಗಮನಿಸಬೇಕು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಂತೆ, ಮರ ಮತ್ತು ಕಾಲು ಸೇರಿ ಮರಗಾಲಾದಂತೆ, ಮರ ಮತ್ತು ಕಸಿ ಸೇರಿ ಮರಗಸಿ. ಸಮಾಸದ ಉತ್ತರಪದದ ಮೊದಲಿನ ಕಕಾರ ಗಕಾರವಾಗುವ ಆದೇಶ ಸಂಧಿ ಇದು. ಸಂಧಿಪ್ರಕರಣವನ್ನು ಎಂದೂ ಓದದ ತೋಟದ ಆಳು ಕಟ್ಟಿದ ಪದ ಕೇಶಿರಾಜನ ವ್ಯಾಕರಣದ ಕಟ್ಟಿಗೆ ಸರಿಯಾಗಿ ಕೂರುತ್ತದೆ, ಪದವಿ ಪಡೆದವರು ಬರೆಯುವ ಕೋಟ್ಯಾಂತರ ಪಾಣಿನಿಯ ಕಟ್ಟಿಗೆ ಕೂರುವುದಿಲ್ಲ. ಶುದ್ಧಿಯ ಹೆಸರಿನಲ್ಲಿ ಮಾತಾಡುವವರು ಈ ಹೋಲಿಕೆಯನ್ನು ಮಾಡಿ ನೋಡಿದ್ದು ಕಡಿಮೆ.

ಇದನ್ನು ನಾನು ಹರಟೆಯ ಮಟ್ಟದಲ್ಲೇ ಬಿಡಬಹುದಿತ್ತು. ಆದರೆ ಕೆಲವು ವರ್ಷಗಳ ಹಿಂದೆ ಕಾಫಿ ತೋಟದ ದುಡಿಮೆಯನ್ನು ಕುರಿತು ನಾನು ಬರೆದ ಲೇಖನವೊಂದು ಅಚ್ಚಾಗಿ ಬಂದಾಗ, ‘ಮರಗಸಿಯವರು’ ಎಂದಿದ್ದಲ್ಲೆಲ್ಲ ‘ಮರಗಳಿಗೆ ಕಸಿ ಕಟ್ಟುವವರು’ ಎಂದಾಗಿತ್ತು. ತಿದ್ದಿದವರ ಉದ್ದೇಶ ಒಳ್ಳೆಯದೇ. ಓದುಗರಿಗೆ ತಿಳಿಯಲಿ ಎಂದು ಬಿಡಿಸಿ ಬರೆದಿದ್ದರು. ಫಲವಾಗಿ ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಕತ್ತಿ ಹಿಡಿದು ನಿಲ್ಲುವ ಮನುಷ್ಯ ನೆಲದ ಮೇಲೆ ಕುಳಿತು ಕುಡಿಗೆ ಬಟ್ಟೆ ಸುತ್ತುವ ತೋಟಗಾರನಾಗಿಬಿಟ್ಟ. ಅವನ ಅಪಾಯ ಹೋಯಿತು, ಅವನ ತಿಳಿವಳಿಕೆಯೂ ಹೋಯಿತು. ಲೇಖನದಲ್ಲಿ ಆದದ್ದರಿಂದ ನನ್ನ ಮುಖ ಸಣ್ಣದಾಯಿತು, ಅಷ್ಟೆ. ಅದೇ ಬದಲಾವಣೆ ಒಂದು ಅಪಘಾತದ ಹೇಳಿಕೆಯಲ್ಲೋ ಪರಿಹಾರದ ಅರ್ಜಿಯಲ್ಲೋ ಆದರೆ ‘ಕಸಿ ಕಟ್ಟುವವನು ಮರದಿಂದ ಹೇಗೆ ಬಿದ್ದ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅವನ ಹೆಂಡತಿ.

ಹಾಗಾದರೆ ಪದದ ಸರಿತಪ್ಪಿಗೆ ಯಾರ ಸಾಕ್ಷಿಯನ್ನು ಒಪ್ಪಬೇಕು? ಈ ಪ್ರಶ್ನೆಯನ್ನು ಕನ್ನಡ ಬಹಳ ಹಿಂದೆಯೇ ಕೇಳಿಕೊಂಡಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡಗಳಲ್ಲಿ ದೇಸಿಗಳು ಬೇರೆಬೇರೆಯಾಗಿರುವುದರಿಂದ ದೋಷ ಇಷ್ಟೇ ಎಂದು ಎಣಿಸಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬರ್ಥದ ಮಾತು ಹೇಳುತ್ತದೆ. ದೋಷವನ್ನು ವಿವರಿಸಲು ಹೊರಟ ಗ್ರಂಥವೇ ದೋಷದ ಎಣಿಕೆಗೆ ಕೊನೆಯಿಲ್ಲ ಎಂದು ಒಪ್ಪಿಕೊಳ್ಳುವ ಈ ಸ್ಥಳವನ್ನು ನಮ್ಮ ಶುದ್ಧಿಚರ್ಚೆಗಳು ಮರೆತಿವೆ. ಅದಕ್ಕೆ ಸುಮಾರು ನಾಲ್ಕು ಶತಮಾನಗಳ ತರುವಾಯ ಬಂದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸೂತ್ರಕ್ಕೆ ಆಧಾರವಾಗಿ ನಿಲ್ಲಿಸುವುದು ಪೂರ್ವಕವಿಗಳ ಪ್ರಯೋಗವನ್ನು. ಅವನು ತನ್ನ ಸಾಕ್ಷಿಗಳನ್ನು ಮುಚ್ಚಿಡುವುದಿಲ್ಲ. ಯಾವ ಕವಿಗಳ ದಾರಿ ತನಗೆ ಪ್ರಮಾಣವೆಂದು ಹೆಸರಿಸಿಯೇ ಹೇಳುತ್ತಾನೆ. ಸಂಸ್ಕೃತದಿಂದ ಬಂದ ಪದಗಳು ಕನ್ನಡದ ಬಾಯಿಗೆ ತಕ್ಕಂತೆ ಬದಲಾಗುವುದಕ್ಕೆ ಒಂದು ಇಡೀ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅವನ ಸಾಕ್ಷಿಗಳ ಪಟ್ಟಿ ಇಕ್ಕಟ್ಟಿನದು, ನಿಜ. ಆದರೆ ಪಟ್ಟಿ ಇದೆ. ಇವತ್ತಿನ ‘ಇದು ತಪ್ಪು’ ಎಂಬ ತೀರ್ಪುಗಳಲ್ಲಿ ಹಲವಕ್ಕೆ ಪಟ್ಟಿಯೇ ಇರುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸವನ್ನು ಎಲ್ಲರಿಗಿಂತ ಹೆಚ್ಚು ಜವಾಬ್ದಾರಿಯಿಂದ ಮಾಡಿದವರು ಜಿ. ವೆಂಕಟಸುಬ್ಬಯ್ಯನವರು. ಪ್ರಜಾವಾಣಿಯಲ್ಲಿ 1991ರಿಂದ ಬಂದ ಅವರ ‘ಇಗೋ ಕನ್ನಡ’ ಅಂಕಣ ಓದುಗರ ಪತ್ರಗಳಿಗೆ ಕೊಟ್ಟ ಉತ್ತರಗಳ ಮಾಲೆ. ಪುಸ್ತಕವಾದಾಗ ಅದನ್ನು ಸಾಮಾಜಿಕ ನಿಘಂಟು ಎಂದು ಕರೆದದ್ದು ತಕ್ಕದ್ದೇ. ಭಾಷೆಯ ಬಗ್ಗೆ ಸಾಮಾನ್ಯ ಓದುಗನಿಗೆ ಇರುವ ಕುತೂಹಲ ಎಷ್ಟು ದೊಡ್ಡದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಆದರೂ ಆ ಪ್ರಕಾರಕ್ಕೇ ಒಂದು ಮಿತಿ ಇದೆ, ಅದು ವ್ಯಕ್ತಿಯ ದೋಷವಲ್ಲ. ಪ್ರಶ್ನೆ ಕೇಳುವವನು ‘ಈ ಎರಡರಲ್ಲಿ ಯಾವುದು ಸರಿ?’ ಎಂದು ಕೇಳುತ್ತಾನೆ. ಪ್ರಶ್ನೆಯ ಆಕಾರವೇ ಉತ್ತರ ಒಂದೇ ಇರಬೇಕೆಂದು ಒತ್ತಾಯಿಸುತ್ತದೆ. ಎರಡನೆಯದಾಗಿ, ಉತ್ತರ ಹೇಳುವ ವಿದ್ವಾಂಸರ ಕೈಯಲ್ಲಿದ್ದ ಆಧಾರಸಾಮಗ್ರಿ ಮುಖ್ಯವಾಗಿ ಬರಹದ್ದು. ವೆಂಕಟಸುಬ್ಬಯ್ಯನವರು ಸಂಪಾದಕತ್ವ ವಹಿಸಿದ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು, 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಬಂದದ್ದು, ಶಾಸನಗಳನ್ನೂ ಕಾವ್ಯಗಳನ್ನೂ ಜಾಲಿಸಿ ಪ್ರಯೋಗಗಳನ್ನು ಆರಿಸಿದ ಮಹಾಕಾರ್ಯ. ಹಾಗೆ ಆರಿಸುವಾಗ ಬರೆದಿಡದ ಮಾತು ಬಲೆಯ ಕಣ್ಣಿನಿಂದ ಜಾರುವುದು ಸಹಜ. ಕಾಫಿ ತೋಟದ ಆಳು ಶಾಸನ ಹಾಕಿಸಿಲ್ಲ.

ಹೀಗಲ್ಲದ ದಾರಿಯೂ ಇದೆ. ಅದರ ಮಾದರಿ ಇದೇ ಘಾಟಿಯ ಕೆಳಗಿದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು, ಯು.ಪಿ. ಉಪಾಧ್ಯಾಯರ ಸಂಪಾದಕತ್ವದ್ದು, ಆಡುವವರನ್ನೇ ಸಾಕ್ಷಿಗಳನ್ನಾಗಿ ಕರೆಯಿತು. ತುಳುವಿನಲ್ಲಿ ಹಳೆಯ ಗ್ರಂಥಗಳು ಕಡಿಮೆ ಎಂಬುದು ಅದರ ಸಂಪಾದಕರಿಗೆ ಕಷ್ಟವೂ ಆಯಿತು, ವರವೂ ಆಯಿತು. ಊರಿಂದೂರಿಗೆ, ಸಮುದಾಯದಿಂದ ಸಮುದಾಯಕ್ಕೆ ಪದದ ರೂಪ ಹೇಗೆ ಬದಲಾಗುತ್ತದೆಂದು ಅವರು ಗುರುತಿಸಿದರು. ಅಲ್ಲಿ ರೂಪಭೇದಗಳು ಪಕ್ಕಪಕ್ಕದಲ್ಲಿ ಕೂರುತ್ತವೆ; ಒಂದು ಇನ್ನೊಂದರ ತಪ್ಪಾಗುವುದಿಲ್ಲ. ದೊಡ್ಡ ಸಾಹಿತ್ಯವಿರುವ ಭಾಷೆಗೆ ಈ ವಿನಯ ಬರುವುದು ಕಷ್ಟವೇನೋ.

ಡಿ.ಎನ್. ಶಂಕರ ಭಟ್ಟರ ಹೆಸರನ್ನು ಇಲ್ಲಿ ಬಿಡುವಂತಿಲ್ಲ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಅವರ 2000ದ ಪುಸ್ತಕ ಕೇಳಿದ ಪ್ರಶ್ನೆ ನಮ್ಮ ಮೇಷ್ಟ್ರಿಗೆ ನೇರವಾಗಿ ತಾಗುತ್ತದೆ: ಕನ್ನಡದ ಪದವನ್ನು ಅಳೆಯಲು ಸಂಸ್ಕೃತದ ಅಳತೆಗೋಲು ಏಕೆ? ಮಹಾಪ್ರಾಣಗಳನ್ನು ಉಚ್ಚರಿಸದ ಬಹುಪಾಲು ಜನರ ಮೇಲೆ ಅವುಗಳನ್ನು ಬರೆಯುವ ಹೊರೆ ಹೇರಿ, ಹೊರಲಾರದವರನ್ನು ದಡ್ಡರೆನ್ನುವುದು ಸಾಮಾಜಿಕ ಅನ್ಯಾಯ ಎಂಬ ಅವರ ವಾದವನ್ನು ಅವರ ಬರಹಪದ್ಧತಿಯನ್ನು ಒಪ್ಪದವರೂ ಎದುರಿಸಲೇಬೇಕು. ನನ್ನ ಭಿನ್ನಮತ ಇರುವುದು ಬೇರೆ ಕಡೆ. ಅವರ ವಿಚಾರಗಳನ್ನು ಮುಂದುವರಿಸಿದವರಲ್ಲಿ ಕೆಲವರು ಸಂಸ್ಕೃತದ ಪದ ತಪ್ಪು, ಕನ್ನಡದ ಬೇರಿನಿಂದ ಹೊಸದಾಗಿ ಕಟ್ಟಿದ ಪದ ಸರಿ ಎಂಬ ಇನ್ನೊಂದು ತಕ್ಕಡಿಯನ್ನು ನಿಲ್ಲಿಸಿದರು. ತೂಗುವವರು ಬದಲಾದರು, ತೂಗುವ ಜಾಗ ಬದಲಾಗಲಿಲ್ಲ. ಮೇಜಿನ ಮೇಲೆ ಕಟ್ಟಿದ ಅಚ್ಚಗನ್ನಡ ಪದಕ್ಕಿಂತ ಮರದ ಮೇಲೆ ಕಟ್ಟಿದ ಮರಗಸಿಗೆ ಹೆಚ್ಚಿನ ಹಕ್ಕಿದೆ ಎಂಬುದನ್ನು ಆ ವಲಯವೂ ಯಾವಾಗಲೂ ನೆನಪಿಟ್ಟಿಲ್ಲ.

ಎರವಲು ಪದಗಳ ವಿಷಯಕ್ಕೆ ಬಂದರೆ ಆಡುವವರ ಸಾಕ್ಷಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಳಗನ್ನಡದ ವ್ಯಂಜನಾಂತ ಪದಗಳು ಮುಂದೆ ಉಕಾರ ಪಡೆದವು: ಕಣ್ ಎಂಬುದು ಕಣ್ಣು, ಕಾಲ್ ಎಂಬುದು ಕಾಲು. ಹ್ರಸ್ವದ ಮುಂದೆ ವ್ಯಂಜನ ಇಮ್ಮಡಿಸುತ್ತದೆ, ದೀರ್ಘದ ಮುಂದೆ ಇಲ್ಲ. ಇಂಗ್ಲಿಷಿನಿಂದ ಬಂದ ಪದಗಳಿಗೂ ಕನ್ನಡಿಗರು ಇದೇ ಕಾನೂನು ಹಾಕಿದರು: ಬಸ್ಸು, ಪೆನ್ನು, ಆದರೆ ಕಾರು, ರೈಲು. ಯಾರೂ ಕಲಿಸಿದ್ದಲ್ಲ. ಕಳೆದ ಕೆಲವು ದಶಕಗಳಲ್ಲಿ ಈ ಉಕಾರ ಬರಹದಲ್ಲಿ ಉದುರುತ್ತಿದೆ. ಬಸ್ಸಿಗೆ ಎಂದಿದ್ದದ್ದು ಬಸ್‌ಗೆ, ಆಫೀಸಿನಲ್ಲಿ ಎಂದಿದ್ದದ್ದು ಆಫೀಸ್‌ನಲ್ಲಿ. ಇದನ್ನು ಕಂಡು ಕನ್ನಡ ಕೆಡುತ್ತಿದೆ ಎನ್ನುವವರಿದ್ದಾರೆ. ನಾನೂ ಬಸ್ಸಿಗೆ ಎಂದೇ ಬರೆಯುವವನು, ನನ್ನ ಕಿವಿಗೆ ಬಸ್‌ಗೆ ಎಂಬುದು ಎಡವಿದಂತೆ ಕೇಳುತ್ತದೆ. ಆದರೆ ಕಿವಿಯ ಅಭ್ಯಾಸವನ್ನು ವ್ಯಾಕರಣವೆಂದು ಕರೆಯಲು ಹಿಂಜರಿಯುತ್ತೇನೆ. ಕಾಫಿಯ ನಾಡಿನಲ್ಲಿ ‘ಒಂದು ಕಪ್ಪು ಕಾಫಿ’ ಎಂದರೆ ಒಂದು ಲೋಟದ ಮಾತೋ ಹಾಲಿಲ್ಲದ ಕಾಫಿಯ ಮಾತೋ ಎಂದು ಮಾಣಿ ಮತ್ತೆ ಕೇಳಬೇಕಾದೀತು. ‘ಒಂದು ಕಪ್ ಕಾಫಿ’ ಎಂದರೆ ಆ ತೊಡಕಿಲ್ಲ. ಇಲ್ಲಿ ಉಕಾರ ಬಿಟ್ಟವನೇ ಮಾತಿನ ಕೆಲಸವನ್ನು ಚೆನ್ನಾಗಿ ಮಾಡಿದ್ದಾನೆ.

ಇದೇ ಹೋಟೆಲಿನ ಇನ್ನೊಂದು ಸಂಗತಿ. ಕೆಲವು ಫಲಕಗಳಲ್ಲಿ ನೀರುದೋಸೆ, ಕೆಲವದರಲ್ಲಿ ನೀರ್ ದೋಸೆ. 2016ರಲ್ಲಿ ತೆರೆಕಂಡ ಕನ್ನಡ ಚಲನಚಿತ್ರದ ಹೆಸರೂ ‘ನೀರ್ ದೋಸೆ’ಯೇ. ಬಸ್ಸು ಹೋಗಿ ಬಸ್ ಆದಂತೆ ನೀರು ಹೋಗಿ ನೀರ್ ಆಯಿತು, ಇದೂ ಇಂಗ್ಲಿಷಿನ ದಾಳಿ ಎಂದು ಒಬ್ಬರು ನನ್ನೊಡನೆ ವಾದಿಸಿದ್ದುಂಟು. ನೋಡಲು ಒಂದೇ, ಇತಿಹಾಸ ಬೇರೆ. ಈ ತಿಂಡಿ ಘಾಟಿಯ ಕೆಳಗಿನಿಂದ ತನ್ನ ತುಳು ಹೆಸರನ್ನು ಹೊತ್ತೇ ಮೇಲೆ ಬಂದಿದೆ. ತುಳುವಿನಲ್ಲಿ ನೀರಿಗೆ ನೀರ್ ಎಂದೇ ಹೆಸರು. ಹಳಗನ್ನಡದಲ್ಲೂ ಅದು ನೀರ್ ಆಗಿಯೇ ಇತ್ತು. ಅಂದರೆ ಆಧುನಿಕರ ಉಡಾಫೆಯೆಂದು ಬೈಸಿಕೊಂಡ ರೂಪ ಇಲ್ಲಿ ಹಿರಿಯದು, ಶುದ್ಧವೆನಿಸಿದ್ದು ಕಿರಿಯದು. ಅದೇ ಮೇಜಿನಲ್ಲಿ ಒಬ್ಬರು ಹುಲಿ ಎಂದರೆ ಇನ್ನೊಬ್ಬರು ಪಿಲಿ ಎನ್ನುತ್ತಾರೆ, ಒಬ್ಬರು ಹೂ ಎಂದರೆ ಇನ್ನೊಬ್ಬರು ಪೂ. ಪಕಾರವು ಕನ್ನಡದಲ್ಲಿ ಹಕಾರವಾದದ್ದೂ ಒಂದು ಕಾಲದಲ್ಲಿ ಹೊಸತೇ. ಹಾಲನ್ನು ಆಲು ಎಂದವನನ್ನು ಶಾಲೆಯಲ್ಲಿ ಅಣಕಿಸುವವರು ಪಾಲ್ ಹಾಲಾದ ಚರಿತ್ರೆಯ ಮೇಲೆಯೇ ನಿಂತು ನಗುತ್ತಿರುತ್ತಾರೆ. ಪದಗಳ ಇಂಥ ಪಯಣವನ್ನು ತೀರ್ಪಿಲ್ಲದೆ, ಸಂತೋಷದಿಂದ ಹೇಳಿದ ಪುಸ್ತಕ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’. ಅದರ ಲೇಖಕರು ಉಡುಪಿಯವರು, ಮನೆಯಿಂದಲೇ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಕೇಳಿದವರು ಎಂಬುದು ಆಕಸ್ಮಿಕವಲ್ಲವೆಂದು ತೋರುತ್ತದೆ.

ಕೊಟ್ಟಿಗೆಹಾರದಲ್ಲಿ ಕುಳಿತು ಈ ವಿಷಯ ಬರೆಯುವವನು ಪೂರ್ಣಚಂದ್ರ ತೇಜಸ್ವಿಯವರನ್ನು ದಾಟಿ ಹೋಗಲಾರ. ಅವರ ಹೆಸರಿನ ಪ್ರತಿಷ್ಠಾನ ಇಲ್ಲೇ ಇದೆ. ಅವರು ಬದುಕಿದ್ದೂ ತೋಟ ಮಾಡಿದ್ದೂ ಮೂಡಿಗೆರೆಯ ಸುತ್ತಲೇ. 1973ರ ಅವರ ಸಂಕಲನದ ಹೆಸರು ‘ಅಬಚೂರಿನ ಪೋಸ್ಟಾಫೀಸು’. ಪೋಸ್ಟ್ ಮತ್ತು ಆಫೀಸು ಕನ್ನಡದ ಪದಗಳಂತೆಯೇ ಕೂಡಿಕೊಂಡು ಕೊನೆಗೆ ಉಕಾರವನ್ನೂ ಪಡೆದಿವೆ. ಇನ್ನೊಂದು ಪುಸ್ತಕ ‘ಪರಿಸರದ ಕತೆ’, ಕಥೆಯಲ್ಲ, ಕತೆ. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ನೆನೆಸಿಕೊಂಡರೂ ಸರಿ, ಊರವರ ಬಾಯನ್ನು ನೆನೆಸಿಕೊಂಡರೂ ಸರಿ, ಎರಡೂ ದಾರಿ ಅಲ್ಲಿಗೇ ಬರುತ್ತವೆ. ಆದರೆ ಕಾಗುಣಿತಕ್ಕಿಂತ ನಮ್ಮ ವಾದಕ್ಕೆ ಹತ್ತಿರವಾದದ್ದು 1980ರಲ್ಲಿ ಬಂದ ‘ಕರ್ವಾಲೊ’. ಊರವರು ಉಂಡಾಡಿಯೆಂದು ತಿಳಿದ ಮಂದಣ್ಣ ಹಾರುವ ಓತಿಯನ್ನು ಕಂಡವನು. ವಿಜ್ಞಾನಿ ಕರ್ವಾಲೊ ಅವನ ಕಣ್ಣನ್ನು ಸಾಕ್ಷಿಯೆಂದು ಒಪ್ಪುತ್ತಾರೆ, ಅವನ ಹಿಂದೆ ಕಾಡಿಗೆ ನಡೆಯುತ್ತಾರೆ. ಶಾಸ್ತ್ರ ಬಲ್ಲವನು ಶಾಸ್ತ್ರವಿಲ್ಲದವನ ತಿಳಿವಳಿಕೆಯನ್ನು ಆಧಾರವಾಗಿ ಸ್ವೀಕರಿಸುವ ಆ ಒಂದು ನಡೆಯನ್ನು ಜೀವಶಾಸ್ತ್ರದಲ್ಲಿ ಎಲ್ಲರೂ ಮೆಚ್ಚಿದರು. ಪದಶಾಸ್ತ್ರದಲ್ಲಿ ಅದೇ ನಡೆಯನ್ನು ಇಡಲು ನಮಗೇಕೆ ಇಷ್ಟು ಸಂಕೋಚ?

ನಮ್ಮ ಮೇಜಿನ ಇನ್ನೊಬ್ಬರನ್ನು ನಾನು ಇಷ್ಟು ಹೊತ್ತು ರೈಟರ್ ಎಂದು ಕರೆದೆ. ದೂರದ ಓದುಗರು ಅವರನ್ನು ಸಾಹಿತಿಯೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ. ಕಾಫಿಸೀಮೆಯಲ್ಲಿ ರೈಟರ್ ಎಂದರೆ ತೋಟದ ಹಾಜರಿ, ಲೆಕ್ಕ, ಕೆಲಸದ ಉಸ್ತುವಾರಿ ನೋಡುವವನು. ಪೋಲಿಸ್ ಠಾಣೆಯಲ್ಲೂ ಒಬ್ಬ ರೈಟರ್ ಇರುತ್ತಾನೆ. ತೇಜಸ್ವಿಯವರು ಎಷ್ಟು ಬರೆದರೂ ಮೂಡಿಗೆರೆಯಲ್ಲಿ ರೈಟರ್ ಆಗಲಿಲ್ಲ. ಇದು ಇಂಗ್ಲಿಷನ್ನು ತಪ್ಪಾಗಿ ಬಳಸಿದ್ದೆಂದು ಮೇಷ್ಟ್ರು ಹೇಳಿಯಾರು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಕೆಳದರ್ಜೆಯ ಗುಮಾಸ್ತರನ್ನು ಕರೆಯುತ್ತಿದ್ದದ್ದೇ ಆ ಹೆಸರಿನಿಂದ. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಕವಿಗಳ ಮನೆಯಾಗಿರಲಿಲ್ಲ. ಇಂಗ್ಲಿಷ್ ತಾನು ಬಿಟ್ಟ ಅರ್ಥವನ್ನು ನಮ್ಮ ತೋಟಗಳು ಜೋಪಾನವಾಗಿ ಇಟ್ಟುಕೊಂಡಿವೆ. ಅದನ್ನು ‘ಲೇಖಕ’ ಎಂದು ಕನ್ನಡಿಸಿದರೆ ನಗೆಪಾಟಲು, ‘ಗುಮಾಸ್ತ’ ಎಂದರೆ ಪಾರಸಿ, ‘ಮೇಲ್ವಿಚಾರಕ’ ಎಂದರೆ ಅವನ ಸಂಬಳದ ಕಟ್ಟೂ ಲೈನ್ ಮನೆಯವರೊಂದಿಗಿನ ಅವನ ಸಂಬಂಧವೂ ತಿಳಿಯದು. ರೈಟರ್ ಎಂಬುದೇ ಆ ಕೆಲಸದ ಕನ್ನಡ ಹೆಸರು.

ಆಡುವವರೆಲ್ಲ ಹೇಳಿದ್ದೇ ಸರಿಯಾದರೆ ಶಿಷ್ಟಭಾಷೆ ಎಲ್ಲಿ ಉಳಿಯಿತು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಳಸದ ಮಗುವೂ ಬೀದರಿನ ಮಗುವೂ ಒಂದೇ ಪುಸ್ತಕ ಓದಬೇಕು; ಅದಕ್ಕೆ ಒಪ್ಪಿತ ರೂಪ ಬೇಕು. ಆದರೆ ಒಪ್ಪಿತ ರೂಪವನ್ನು ಗೊತ್ತುಮಾಡುವುದು ಒಂದು ವ್ಯವಸ್ಥೆ, ಬೇರೆ ರೂಪವನ್ನು ತಪ್ಪೆನ್ನುವುದು ಒಂದು ತೀರ್ಪು. ಸಂಧಿಯ ಪ್ರಶ್ನೆಗೆ ವ್ಯಾಕರಣ ಪುಸ್ತಕ ಸಾಕ್ಷಿಯಾಗಬಹುದು. ಎರವಲು ಪದದ ಕೊನೆಯ ಸ್ವರಕ್ಕೆ ಆಡುವವರ ಉಚ್ಚಾರಣೆ ಸಾಕ್ಷಿ. ಒಂದು ಕಸುಬಿನ ಪದದ ಅರ್ಥಕ್ಕೆ ಆ ಕಸುಬಿನವರನ್ನು ಬಿಟ್ಟು ಬೇರೆ ಸಾಕ್ಷಿಯೇ ಇಲ್ಲ. ಅಲ್ಲಿ ವ್ಯಾಕರಣ ಪಂಡಿತ ದಾರಿಹೋಕ ಮಾತ್ರ. ಕನ್ನಡದ ಮುಂದಿನ ನಿಘಂಟುಕಾರರು ಕಸಿ ಎಂಬ ಪದದ ಕೆಳಗೆ ಕೂಡಿಸುವುದು, ಕಡಿಯುವುದು ಎಂಬ ಎರಡು ಅರ್ಥಗಳನ್ನು ಸಮಾನ ಗೌರವದಿಂದ ಇಟ್ಟು, ಎರಡನೆಯದಕ್ಕೆ ಕವಿಯ ಪದ್ಯದ ಬದಲು ತೋಟದ ಒಂದು ವಾಕ್ಯವನ್ನು ಪ್ರಯೋಗವಾಗಿ ಕೊಡಬೇಕು.

ಆ ವಾಕ್ಯವನ್ನು ಬೇಗ ಬರೆದುಕೊಳ್ಳಬೇಕಾದ ಕಾರಣವೂ ಇದೆ. ಮರ ಹತ್ತುವವರಲ್ಲಿ ಸ್ಥಳೀಯರು ಕಡಿಮೆಯಾಗಿದ್ದಾರೆ. ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ರೈಟರ್ ಅವರೊಡನೆ ಮಾತಾಡುವುದು ತಾನೂ ಅವರೂ ಅರ್ಧರ್ಧ ಕಲಿತ ಹಿಂದಿಯಲ್ಲಿ. ನಾವು ಹೋಟೆಲಿನಿಂದ ಹೊರಡುವಾಗ ಅವರಿಗೆ ಫೋನು ಬಂತು. ರಸ್ತೆಯ ಬದಿಗೆ ಹೋಗಿ ಹಿಂದಿಯಲ್ಲಿ ನಾಳೆಯ ಕೆಲಸ ಹೇಳುತ್ತಿದ್ದವರು ಮರಗಸಿಯ ಬಳಿ ಬಂದಾಗ ಆ ಪದವನ್ನು ಮಾತ್ರ ಹಾಗೆಯೇ ಇಟ್ಟು, ನಿಧಾನವಾಗಿ, ಎರಡು ಸಲ ಹೇಳಿದರು. ಮೇಷ್ಟ್ರು ಕಾರಿನ ಬಾಗಿಲು ಹಿಡಿದು ನಿಂತು ಕೇಳುತ್ತಿದ್ದರು, ಈ ಸಲ ತಿದ್ದಲಿಲ್ಲ.